ಬಾಗಿಲಲ್ಲೇ ತಡೆಯಬೇಕಾದ ವೈರಸ್

ನಾನು ಕಾಮರ್ಸ್ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿರಲಿಲ್ಲ. ಈಗ ವೈರಸ್ ಬಗ್ಗೆ ಬರೆಯಲು ಕಾರಣ ನನ್ನ ತಮ್ಮ. ಕಳೆದ ಬೇಸಿಗೆ ರಜೆಯಲ್ಲಿ ತಂಬ್ರಹಳ್ಳಿಯ ನಮ್ಮ ಓಣಿಯಲ್ಲಿ ಬೀದಿನಾಯಿಯೊಂದು ಅವನ ಕಾಲಿಗೆ ಕಚ್ಚಿತು. "ಕುತ್ತಾ ಕಾಟ್ಯಾ" ಎಂದು ಅಳುತ್ತಾ ಮನೆಗೆ ಓಡಿ ಬಂದ. ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ದಾದಿ ಒಳಗಿನಿಂದ ಖಾರದಪುಡಿ ಡಬ್ಬಿ ತಂದರು. ಪಕ್ಕದ ಮನೆಯವರು ಸುಣ್ಣ ಹಚ್ಚಿ ಎಂದರು.

ಅಷ್ಟರಲ್ಲಿ ಅದೇ ಓಣಿಯ ಆಶಾ ಕಾರ್ಯಕರ್ತೆ ಅಕ್ಕ ಬಂದರು. "ಖಾರ, ಸುಣ್ಣ ಏನೂ ಹಚ್ಚಬ್ಯಾಡ್ರಿ. ಮೊದ್ಲು ಸೋಪು ಹಚ್ಚಿ ತೊಳೀರಿ, 15 ನಿಮಿಷ" ಎಂದರು. ದಾದಿ ವುಝೂ ಮಾಡುವ ನಲ್ಲಿಯ ಕೆಳಗೆ ತಮ್ಮನ ಕಾಲಿಟ್ಟು, ಮೊಬೈಲಿನಲ್ಲಿ ಸಮಯ ನೋಡುತ್ತಾ ತೊಳೆದೆ. ತೊಳೆಯುವಾಗ ನನಗೊಂದು ಅನುಮಾನ. ಹುಚ್ಚುನಾಯಿ ರೋಗ ಬಂದರೆ ಬದುಕುವುದಿಲ್ಲ ಎನ್ನುತ್ತಾರೆ. ಅಂಥ ರೋಗವನ್ನು ಬಟ್ಟೆ ಒಗೆಯುವ ಸೋಪು ತಡೆಯುತ್ತದೆಯೇ?

ಕಾಲೇಜು ಶುರುವಾದ ಮೇಲೆ ಈ ಪ್ರಶ್ನೆಯನ್ನು ಜೀವಶಾಸ್ತ್ರದ ಉಪನ್ಯಾಸಕರ ಹತ್ತಿರ ಕೇಳಿದೆ. ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವೈರಸ್‌ಗೆ ಬಾಗಿಲು ಬೇಕು

ವೈರಸ್ ತಾನಾಗಿಯೇ ಬೆಳೆಯುವುದಿಲ್ಲ. ಅದು ನಮ್ಮ ಜೀವಕೋಶದ ಒಳಗೆ ಹೋಗಬೇಕು, ಅಲ್ಲಿನ ಸಾಮಾನು ಬಳಸಿಕೊಂಡೇ ತನ್ನ ನಕಲುಗಳನ್ನು ಮಾಡಬೇಕು. ಜೀವಕೋಶದ ಹೊರಗಿದ್ದಷ್ಟು ಹೊತ್ತು ಅದರ ಸಂಖ್ಯೆ ಒಂದೂ ಹೆಚ್ಚುವುದಿಲ್ಲ.

ಒಳಗೆ ಹೋಗುವುದು ಸುಲಭವಲ್ಲ. ಜೀವಕೋಶದ ಮೇಲೆ ಗ್ರಾಹಿಗಳು ಎಂಬ ಪ್ರೋಟೀನ್‌ಗಳಿರುತ್ತವೆ. ಅವು ದೇಹದ ಸ್ವಂತ ಕೆಲಸಕ್ಕೆ ಇರುವಂಥವು. ಅವನ್ನು ಬೀಗ ಎಂದುಕೊಳ್ಳಿ. ವೈರಸ್‌ನ ಮೈಮೇಲಿರುವ ಪ್ರೋಟೀನ್ ಕಳ್ಳಕೀಲಿಯಂತೆ. ಕೀಲಿ ಹೊಂದಿದ ಬೀಗ ಇರುವ ಜೀವಕೋಶಕ್ಕೆ ಮಾತ್ರ ವೈರಸ್ ನುಗ್ಗುತ್ತದೆ. ಕೊರೋನಾ ವೈರಸ್‌ನ ಕೀಲಿ ಸ್ಪೈಕ್ ಪ್ರೋಟೀನ್. ಅದಕ್ಕೆ ಹೊಂದುವ ಬೀಗ ಎಸಿಇ2 ಎಂಬ ಗ್ರಾಹಿ. ಮೂಗು ಮತ್ತು ಶ್ವಾಸಕೋಶದ ಜೀವಕೋಶಗಳಲ್ಲಿ ಆ ಗ್ರಾಹಿ ಇರುವುದರಿಂದ ಕೋವಿಡ್ ಉಸಿರಾಟದ ರೋಗವಾಯಿತು.

ರೇಬೀಸ್ ಹೋಗುವ ದಾರಿ

ರೇಬೀಸ್ ವೈರಸ್ ಬಂದೂಕಿನ ಗುಂಡಿನ ಆಕಾರದಲ್ಲಿದೆ. ಒಂದು ಮಿಲಿಮೀಟರ್ ಉದ್ದಕ್ಕೆ ಐದು ಸಾವಿರಕ್ಕೂ ಹೆಚ್ಚು ವೈರಸ್‌ಗಳನ್ನು ಸಾಲಾಗಿ ಇಡಬಹುದು, ಅಷ್ಟು ಚಿಕ್ಕದು. ಅದರ ಹೊರಗೆ ಕೊಬ್ಬಿನ ಹೊದಿಕೆ. ಹೊದಿಕೆಯ ಮೇಲೆ ಮುಳ್ಳಿನಂತೆ ಜಿ ಪ್ರೋಟೀನ್. ಅದೇ ಇದರ ಕೀಲಿ.

ನಾಯಿಯ ಜೊಲ್ಲಿನ ಮೂಲಕ ವೈರಸ್ ಗಾಯಕ್ಕೆ ಬೀಳುತ್ತದೆ. ಸ್ನಾಯು ಮತ್ತು ನರ ಸೇರುವ ಜಾಗದಲ್ಲಿರುವ ಗ್ರಾಹಿಗಳಿಗೆ ಅಂಟಿಕೊಳ್ಳುತ್ತದೆ. ಆಗ ಜೀವಕೋಶದ ಪೊರೆ ಒಳಕ್ಕೆ ಮಡಚಿ, ವೈರಸ್ಸನ್ನು ಒಂದು ಪುಟ್ಟ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲ ಹೆಚ್ಚಾದಾಗ ಜಿ ಪ್ರೋಟೀನ್ ಆಕಾರ ಬದಲಿಸುತ್ತದೆ. ವೈರಸ್‌ನ ಹೊದಿಕೆ ಚೀಲದ ಪೊರೆಯೊಂದಿಗೆ ಬೆರೆತು, ವೈರಸ್‌ನ ಒಳಗಿನ ಆನುವಂಶಿಕ ವಸ್ತು ಹೊರಬರುತ್ತದೆ. ಒಮ್ಮೆ ನರಕ್ಕೆ ಸೇರಿತೆಂದರೆ ವೈರಸ್ ನರದ ಉದ್ದಕ್ಕೂ ಬೆನ್ನುಹುರಿ, ಮೆದುಳಿನ ಕಡೆಗೆ ಪ್ರಯಾಣ ಮಾಡುತ್ತದೆ. ಮೆದುಳು ತಲುಪಿ ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ಸಾಮಾನ್ಯವಾಗಿ 2ರಿಂದ 3 ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ಮುಖಕ್ಕೆ, ತಲೆಗೆ ಕಚ್ಚಿದರೆ ಮೆದುಳು ಹತ್ತಿರ, ಆದ್ದರಿಂದ ಅಪಾಯ ಬೇಗ. ನಮಗೆ ಸಿಗುವ ಅವಕಾಶವೆಲ್ಲ ಈ ಸಮಯದಲ್ಲೇ ಇದೆ.

ತಡೆಯುವುದು ಹೇಗೆ?

ಮೊದಲನೆಯದು ಸೋಪು. ಕೊಬ್ಬಿನ ಜಿಡ್ಡನ್ನು ಸೋಪು ಹೇಗೆ ಬಿಡಿಸುತ್ತದೋ ಹಾಗೆಯೇ ವೈರಸ್‌ನ ಕೊಬ್ಬಿನ ಹೊದಿಕೆಯನ್ನೂ ಒಡೆಯುತ್ತದೆ. ಹೊದಿಕೆ ಹೋದರೆ ಕೀಲಿಯೂ ಹೋಯಿತು. ಹರಿಯುವ ನೀರು ಉಳಿದದ್ದನ್ನು ಹೊರಗೆ ಒಯ್ಯುತ್ತದೆ. ಖಾರದಪುಡಿ, ಸುಣ್ಣ ಈ ಕೆಲಸ ಮಾಡುವುದಿಲ್ಲ, ಗಾಯವನ್ನು ಕೆಣಕಿ ಇನ್ನಷ್ಟು ಕೆಡಿಸುತ್ತವೆ. ನನ್ನ ಅನುಮಾನಕ್ಕೆ ಉತ್ತರ ಇಲ್ಲಿ ಸಿಕ್ಕಿತು. ಆದರೆ ಆಳಕ್ಕೆ ಹೋದ ವೈರಸ್ ಸೋಪಿಗೆ ಸಿಗುವುದಿಲ್ಲ. ಹಾಗಾಗಿ ತೊಳೆದರೆ ಮುಗಿಯಲಿಲ್ಲ.

ಎರಡನೆಯದು ಇಮ್ಯುನೋಗ್ಲಾಬ್ಯುಲಿನ್. ಇದು ಸಿದ್ಧವಾಗಿರುವ ಪ್ರತಿಕಾಯ. ರಕ್ತ ಬರುವಂತೆ ಕಚ್ಚಿದ್ದರೆ ಇದನ್ನು ಗಾಯದ ಒಳಗೆ ಮತ್ತು ಸುತ್ತಲೂ ಚುಚ್ಚುತ್ತಾರೆ. ಪ್ರತಿಕಾಯಗಳು ಜಿ ಪ್ರೋಟೀನ್‌ಗೆ ಅಂಟಿಕೊಂಡು ಕೀಲಿಯನ್ನು ಮುಚ್ಚಿಬಿಡುತ್ತವೆ. ಕೀಲಿ ಮುಚ್ಚಿದ ವೈರಸ್ ಬಾಗಿಲ ಹೊರಗೇ ಉಳಿಯುತ್ತದೆ.

ಮೂರನೆಯದು ಲಸಿಕೆ. ಇದರಿಂದ ನಮ್ಮ ದೇಹವೇ ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ಅದಕ್ಕೆ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಕಾವಲಿಗೆ ಇಮ್ಯುನೋಗ್ಲಾಬ್ಯುಲಿನ್, ಆಮೇಲೆ ನಮ್ಮದೇ ಪ್ರತಿಕಾಯ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿಲೀಟರ್. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ.

ಕೀಲಿಯ ಬದಲು ಬೀಗವನ್ನೇ ಮುಚ್ಚುವ ಔಷಧಿಯೂ ಇದೆ. ಎಚ್‌ಐವಿಗೆ ಕೊಡುವ ಮ್ಯಾರಾವಿರಾಕ್ ಎಂಬ ಮಾತ್ರೆ ನಮ್ಮ ಜೀವಕೋಶದ ಸಿಸಿಆರ್5 ಎಂಬ ಗ್ರಾಹಿಗೆ ಅಂಟಿ, ಆ ಗ್ರಾಹಿಯಿಂದ ಒಳಹೋಗುವ ಎಚ್‌ಐವಿಗೆ ದಾರಿ ಕೊಡುವುದಿಲ್ಲ. ರೇಬೀಸ್‌ಗೆ ಅಂಥ ಮಾತ್ರೆ ಇಲ್ಲ. ಹಾಗಾಗಿ ಸೋಪು, ಪ್ರತಿಕಾಯ, ಲಸಿಕೆ ಇವನ್ನೇ ಸಮಯಕ್ಕೆ ಸರಿಯಾಗಿ ಬಳಸಬೇಕು.

ದಾದಿಯ ಭಯ

ದಾದಿ ಆಸ್ಪತ್ರೆಗೆ ಬೇಡ ಎಂದದ್ದಕ್ಕೆ ಕಾರಣವಿತ್ತು. ಅವರ ತವರಿನಲ್ಲಿ ಒಬ್ಬ ಹುಡುಗನಿಗೆ ನಾಯಿ ಕಚ್ಚಿತ್ತು. ಹೊಟ್ಟೆಗೆ 14 ಸೂಜಿ ಎಂದು ಹೆದರಿ ಕರೆದೊಯ್ಯಲಿಲ್ಲ. ಗಾಯ ಮಾಯಿತು, ಎಲ್ಲರೂ ಮರೆತರು. ತಿಂಗಳುಗಳ ನಂತರ ಅವನು ನೀರು ಕಂಡರೆ ಬೆದರತೊಡಗಿದ. ಉಳಿಯಲಿಲ್ಲ. ಇದನ್ನು ಹೇಳುವಾಗ ದಾದಿಯ ಕಣ್ಣಲ್ಲಿ ನೀರಿತ್ತು.

ಅವರು ಹೇಳಿದ ಹೊಟ್ಟೆಯ ಸೂಜಿ ಸುಳ್ಳಲ್ಲ. ಆಗಿನ ಲಸಿಕೆಯನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಭಾರತದಲ್ಲಿ ಅದರ ಉತ್ಪಾದನೆ 2004ರ ಕೊನೆಗೆ ನಿಂತಿತು. ಈಗಿನದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ಮಾಡಿದ ಲಸಿಕೆ, ತೋಳಿಗೆ ಕೊಡುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಮ್ಮ ಕರ್ನಾಟಕದಲ್ಲಿ ಮನುಷ್ಯರಿಗೆ ಬರುವ ರೇಬೀಸನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು 2022ರಲ್ಲಿ ಆದೇಶವಾಗಿದೆ. ಇದನ್ನೆಲ್ಲ ದಾದಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿದೆ.

ನಾಲ್ಕನೆಯ ಸೂಜಿ

ಅದೇ ದಿನ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗಿ ತಮ್ಮನಿಗೆ ಚಿಕಿತ್ಸೆ ಶುರು ಮಾಡಿಸಿದೆವು. ಮೂರು ಸಲ ಹೋಗಿ ಬಂದೆವು. 28ನೇ ದಿನ ಬರುವಷ್ಟರಲ್ಲಿ ಗಾಯ ಒಣಗಿತ್ತು. ಅಬ್ಬಾಗೆ ಒಂದು ದಿನದ ಕೂಲಿ ಹೋಗುತ್ತದೆ. ತಮ್ಮನಿಗೆ ಕ್ರಿಕೆಟ್ ಮ್ಯಾಚ್ ಇತ್ತು. "ಇನ್ನು ಸಾಕಲ್ಲ" ಎಂದು ಎಲ್ಲರೂ ಅಂದರು. ಆ ನಾಯಿ ಮಾತ್ರ ಕಚ್ಚಿದ ದಿನದ ನಂತರ ಓಣಿಯಲ್ಲಿ ಕಾಣಿಸಿರಲಿಲ್ಲ.

ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತವರು ದಾದಿ. "ಆ ಹುಡುಗನ ಗಾಯವೂ ಮಾಯಿತ್ತು" ಎಂದರು. ನಾನು, ದಾದಿ, ತಮ್ಮ ಮೂವರೂ ಬಸ್ ಹತ್ತಿದೆವು.

ಸ್ನೇಹಿತರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಿಗಾದರೂ ನಾಯಿ, ಬೆಕ್ಕು, ಮಂಗ ಕಚ್ಚಿದರೆ ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳಿದಷ್ಟೂ ಸೂಜಿ ಮುಗಿಸಿ. ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವೈರಸ್ ಬಾಗಿಲ ಹೊರಗಿರುವಾಗ ಮಾತ್ರ ನಮ್ಮ ಕೈಗೆ ಸಿಗುತ್ತದೆ.