ನಿಮಗಿದು ಗೊತ್ತೇ? ಓರೆ ಬಿಸಿಲು, ಒರಟು ಕಲ್ಲು

ಮೊಬೈಲ್ ಕ್ಯಾಮೆರಾದಲ್ಲಿ ‘ಗ್ರಿಡ್’ ಒತ್ತಿದರೆ ಪರದೆಯ ಮೇಲೆ ಎರಡು ಅಡ್ಡ, ಎರಡು ಉದ್ದ ಗೆರೆ ಮೂಡುತ್ತವಲ್ಲ, ಆ ಮೂರು ಪಾಲಿನ ಸೂತ್ರ ಫೋಟೊಗ್ರಫಿಗಿಂತಲೂ ಹಳೆಯದು. ಇಂಗ್ಲೆಂಡಿನ ಕಲಾವಿದ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅದಕ್ಕೆ ಹೆಸರಿಟ್ಟ. ನೆಲ–ಆಕಾಶ, ಬೆಳಕು–ನೆರಳು ಅರ್ಧಕ್ಕರ್ಧ ಬೇಡ, ಒಂದಕ್ಕೆ ಎರಡು ಪಾಲಿರಲಿ ಎಂಬುದು ಅವನ ಲೆಕ್ಕ.

ಉಳಿದು ಬಂದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವೂ ಹೊರಗಿನ ನೋಟದ್ದೇ. ಫ್ರಾನ್ಸಿನ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದದ್ದು. ಎಕ್ಸ್‌ಪೋಷರ್ ಎಷ್ಟು ದೀರ್ಘವೆಂದರೆ, ಎದುರುಬದುರಿನ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಿದೆ!

ಚಂದ್ರನ ಫೋಟೊ ತೆಗೆಯಬೇಕೆ? ಹುಣ್ಣಿಮೆಗೆ ಕಾಯಬೇಡಿ, ಅಷ್ಟಮಿಯಂದು ತೆಗೆಯಿರಿ. ಹುಣ್ಣಿಮೆಯ ದಿನ ಚಂದ್ರನ ಮೇಲೆ ಬಿಸಿಲು ನಮ್ಮ ಬೆನ್ನ ಕಡೆಯಿಂದ ನೇರವಾಗಿ ಬೀಳುತ್ತದೆ. ಕುಳಿಗಳ ನೆರಳೆಲ್ಲ ಅವುಗಳ ಹಿಂದೆಯೇ ಅಡಗಿಬಿಡುತ್ತದೆ, ಚಂದ್ರ ಚಪ್ಪಟೆಯಾಗುತ್ತಾನೆ. ಅಷ್ಟಮಿಯಂದು ಬೆಳಕು–ಕತ್ತಲೆಯ ಗಡಿಯಲ್ಲಿ ಒಂದೊಂದು ಕುಳಿಯೂ ಎದ್ದು ಕಾಣುತ್ತದೆ. ಇನ್ನೊಂದು ಸೋಜಿಗ: ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಲ್ಲ, ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಮಾತ್ರ. ಮುಖ್ಯ ಕಾರಣ ಆ ಒರಟು ಮೈಯ ನೆರಳುಗಳೇ.

ಫೋಟೊಗ್ರಾಫರುಗಳು ‘ಟೆಕ್ಸ್‌ಚರ್’ ಎನ್ನುವುದು ಇದನ್ನೇ. ಮರದ ತೊಗಟೆಯಾಗಲಿ, ಮರಳಾಗಲಿ, ಬಂಡೆಯಾಗಲಿ, ಅದರ ಒರಟುತನ ಚಿತ್ರದಲ್ಲಿ ಕಾಣುವುದು ಸಾವಿರಾರು ಚಿಕ್ಕ ಚಿಕ್ಕ ನೆರಳುಗಳಿಂದ. ಕ್ಯಾಮೆರಾದ ಫ್ಲ್ಯಾಶ್ ಎದುರಿನಿಂದ ಬಡಿದು ಅವನ್ನೆಲ್ಲ ಅಳಿಸಿಹಾಕುತ್ತದೆ. ಲಕ್ಷ ರೂಪಾಯಿಯ ಲೆನ್ಸ್ ಕೊಳ್ಳುವ ಮುಂಚೆ ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡುವುದು ಮೇಲು. ಅದಕ್ಕೆ ಕಾಸು ಖರ್ಚಿಲ್ಲ.

ಮಧ್ಯಾಹ್ನ ಕ್ಯಾಮೆರಾ ಚೀಲದಲ್ಲಿರಲಿ ಎಂಬ ಉಪದೇಶ ನೆಲಕ್ಕೆ ಸರಿ, ಗೋಡೆಗೆ ಸರಿಯಲ್ಲ. ನೆತ್ತಿಯ ಸೂರ್ಯ ನೆಲದ ಮೇಲೆ ನೆಟ್ಟಗೆ ಬೀಳುತ್ತಾನೆ, ಆದರೆ ಗೋಡೆಯನ್ನು ಮೇಲಿಂದ ಕೆಳಕ್ಕೆ ಸವರಿಕೊಂಡು ಹೋಗುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ, ನಡುಹಗಲಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹಳೇಬೀಡಿನಲ್ಲೂ ಹೆಚ್ಚುಕಡಿಮೆ ಅದೇ ದಿನಗಳು. ಆಗ ದೇವಾಲಯದ ಹೊರಗೋಡೆಯ ಬುಡದ ಆನೆಸಾಲನ್ನು ನೋಡಿ. ಮೇಲಿನ ಸೂರಿನ ನೆರಳು ತಪ್ಪಿಸಿಕೊಂಡ ಕಡೆ ಬೆನ್ನು, ಸೊಂಡಿಲು, ಗಂಟೆಯ ಸರ ಎಲ್ಲವೂ ಬೇರೆ ಬೇರೆಯಾಗಿ ಎದ್ದು ನಿಲ್ಲುತ್ತವೆ.

ಸಂಜೆಯ ಹೊಂಬಿಸಿಲು ನಮ್ಮಲ್ಲಿ ಬೇಗ ಮುಗಿದುಹೋಗುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ನಾಡಿನಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ. ದಿಗಂತಕ್ಕೆ ಮುಟ್ಟುವ ಕೊನೆಯ ಆರು ಡಿಗ್ರಿ ಇಳಿಯಲು ಅರ್ಧ ಗಂಟೆಯೂ ಹಿಡಿಯದು. ನಾರ್ವೆಯ ಉತ್ತರದಲ್ಲಿ ಇದೇ ಬೆಳಕು ಗಂಟೆಗಟ್ಟಲೆ ಇರುತ್ತದೆ. ಅಲ್ಲಿನವರ ಫೋಟೊ ನೋಡಿ ಹೊಟ್ಟೆಕಿಚ್ಚು ಪಡುವಾಗ ಇದೂ ನೆನಪಿರಲಿ.

ದಿಗಂತದಲ್ಲಿರುವ ಸೂರ್ಯನ ಬೆಳಕು ನೆತ್ತಿಯ ಸೂರ್ಯನದಕ್ಕಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗುತ್ತದೆ, ಕೆಂಪು ಉಳಿಯುತ್ತದೆ.

‘ಫೋಟೊಶಾಪ್‌ನಲ್ಲಿ ಆಕಾಶ ಬದಲಿಸಿದ್ದಾನೆ’ ಎಂದು ಯಾರನ್ನಾದರೂ ಬೈಯುವ ಮುಂಚೆ ಫ್ರಾನ್ಸಿನ ಗುಸ್ತಾವ್ ಲ ಗ್ರೆಯ ಕಥೆ ಕೇಳಿ. 1850ರ ದಶಕದ ನೆಗೆಟಿವ್‌ಗಳು ನೀಲಿ ಬೆಳಕಿಗೆ ಬಲು ಬೇಗ ಸ್ಪಂದಿಸುತ್ತಿದ್ದವು. ಸಮುದ್ರ ಸರಿಯಾಗಿ ಬಂದರೆ ಆಕಾಶ ಬರೀ ಬಿಳಿ. ಆತ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ದಿಗಂತದಲ್ಲಿ ಎರಡನ್ನೂ ಜೋಡಿಸಿ ಒಂದೇ ಕಾಗದಕ್ಕೆ ಅಚ್ಚು ಹಾಕಿದ.

1927ರ ಏಪ್ರಿಲ್ 10. ಅಮೆರಿಕದ ಯೊಸೆಮಿಟಿ ಕಣಿವೆ. ಹಾಫ್ ಡೋಮ್ ಬೆಟ್ಟದೆದುರು ನಿಂತ ಆನ್ಸೆಲ್ ಆಡಮ್ಸ್ ಬಳಿ ಉಳಿದದ್ದು ಎರಡೇ ಗಾಜಿನ ಫಲಕ. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಕಣ್ಣಿಗೆ ಕಂಡ ಹಾಗೆ ಬಂದೀತು, ಮನಸ್ಸಿಗೆ ಕಂಡ ಹಾಗೆ ಬಾರದು ಅನ್ನಿಸಿತು. ಕೊನೆಯ ಫಲಕಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುವುದರಿಂದ ಆಕಾಶ ಕಪ್ಪಾಯಿತು, ಬಂಡೆಯ ಮುಖ ಮುಂದೆ ಬಂತು.

ಅದೇ ಆಡಮ್ಸ್ ನ್ಯೂ ಮೆಕ್ಸಿಕೊದ ಹೆರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಏಳುವುದನ್ನು ಕಂಡು ಕಾರು ನಿಲ್ಲಿಸಿದಾಗ ಬೆಳಕಿನ ಮೀಟರ್ ಕೈಗೆ ಸಿಗಲೇ ಇಲ್ಲ. ಸ್ಮಶಾನದ ಶಿಲುಬೆಗಳ ಮೇಲಿನ ಕೊನೆಯ ಬಿಸಿಲು ಇನ್ನೇನು ಹೋಗುವುದರಲ್ಲಿತ್ತು. ಚಂದ್ರನ ಹೊಳಪು ಎಷ್ಟೆಂಬುದು ಬಾಯಿಪಾಠವಾಗಿತ್ತು. ಅದರಿಂದಲೇ ಎಕ್ಸ್‌ಪೋಷರ್ ಲೆಕ್ಕ ಹಾಕಿದರು. ಎರಡನೆಯ ನೆಗೆಟಿವ್‌ಗೆ ಕೈ ಹಾಕುವಷ್ಟರಲ್ಲಿ ಶಿಲುಬೆಗಳ ಬೆಳಕು ಆರಿತ್ತು. ಇಷ್ಟೆಲ್ಲ ಲೆಕ್ಕಾಚಾರದ ಮನುಷ್ಯ ತಾರೀಕು ಮಾತ್ರ ಬರೆದಿಡಲಿಲ್ಲ! ಕೊನೆಗೆ ಖಗೋಳಜ್ಞರು ಚಿತ್ರದಲ್ಲಿ ಚಂದ್ರನಿರುವ ಜಾಗವನ್ನು ಅಳೆದು ಹೇಳಿದರು: 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ.

ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ‘ಜೋನ್ ಸಿಸ್ಟಂ’ನಲ್ಲಿ ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗೆ 11 ಮೆಟ್ಟಿಲು. ಎರಡೂ ತುದಿಗಳಲ್ಲಿ ಒರಟು–ನುಣುಪು ಯಾವುದೂ ಕಾಣದು. ಮೈಯ ವಿವರವೆಲ್ಲ ನಡುವಿನ ಮೆಟ್ಟಿಲುಗಳಲ್ಲೇ.

ಎಮ್ಮೆಯ ಮೇಲೆ ಬೆಳ್ಳಕ್ಕಿ ಕೂತಿದೆ. ಚೌಕಟ್ಟಿನ ತುಂಬ ಎಮ್ಮೆಯಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ತರುತ್ತದೆ, ಬೆಳ್ಳಕ್ಕಿ ಬಿಳಿಯ ತೇಪೆಯಾಗಿಬಿಡುತ್ತದೆ. ಚೌಕಟ್ಟಿನ ತುಂಬ ಬೆಳ್ಳಕ್ಕಿಯಿದ್ದರೆ ಅದನ್ನೂ ಬೂದಿ ಮಾಡುತ್ತದೆ. ಕ್ಯಾಮೆರಾದ ಮೀಟರ್‌ಗೆ ಲೋಕವೆಲ್ಲ ನಡುಬೂದಿ. ಗರಿಗಳ ಎಳೆ ಎಳೆ ಬೇಕಿದ್ದರೆ ಎಕ್ಸ್‌ಪೋಷರನ್ನು ನೀವೇ ತಿದ್ದಬೇಕು.

ಮಳೆ ನಿಂತ ಮೇಲೆ ಕಾಡಿನ ಎಲೆಗಳು ಬೆಳ್ಳಗೆ ಥಳಥಳಿಸುತ್ತವೆ, ಹಸಿರೇ ಕಾಣದು. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಆ ಥಳಕು ಹೋಗಿ ಎಲೆಯ ನರಗಳು ಕಾಣುತ್ತವೆ. ಹಾಗೇ ಇನ್ನೂ ತಿರುಗಿಸಿದರೆ ಕಾಮನಬಿಲ್ಲನ್ನೂ ಮಾಯ ಮಾಡಬಹುದು!

ಭೂವಿಜ್ಞಾನಿಗಳು ಬಂಡೆಯ ಫೋಟೊದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುವುದೇಕೆ? ಬಂಡೆಯ ಬಿರುಕು ಹತ್ತಿರದಿಂದಲೂ ದೂರದಿಂದಲೂ ಒಂದೇ ಥರ ಕಾಣುತ್ತದೆ. ಗುರುತಿನ ವಸ್ತುವಿಲ್ಲದಿದ್ದರೆ ಅಂಗೈಯಗಲದ ಕಲ್ಲೋ ಆಳೆತ್ತರದ ಬಂಡೆಯೋ ಹೇಳಲಾಗದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಪರೀಕ್ಷಿಸಬಹುದು. ಲಾವಾ ಆರಿ ಕುಗ್ಗುವಾಗ ಬಿರಿದು ಆದ ಐದಾರು ಮುಖದ ಕಲ್ಲುಕಂಬಗಳು ಅಲ್ಲಿವೆ. ಪಕ್ಕದಲ್ಲಿ ಮನುಷ್ಯನೋ ಏಡಿಯೋ ಇಲ್ಲದಿದ್ದರೆ ಫೋಟೊ ನೋಡಿದವರು ಅಳತೆಯಲ್ಲಿ ಎಡವುವುದು ಖಂಡಿತ.

ನಿಸರ್ಗದ ಚಿತ್ರಕ್ಕೆ ಆಕಾಶ ಬೇಕೇ ಬೇಕೆ? ವೈದ್ಯಶಾಸ್ತ್ರ ಓದಿದ್ದ ಅಮೆರಿಕದ ಎಲಿಯಟ್ ಪೋರ್ಟರ್ ಅದನ್ನು ಎಷ್ಟೋ ಸಲ ಬಿಟ್ಟೇಬಿಟ್ಟರು. ಪಾಚಿ, ತರಗೆಲೆ, ತೊರೆಯ ಕಲ್ಲು, ಅಷ್ಟೇ. 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಆ ಚಿತ್ರಗಳದ್ದೇ ಪ್ರದರ್ಶನ ಏರ್ಪಡಿಸಿತು. ಬೆಟ್ಟ, ಸೂರ್ಯಾಸ್ತಗಳ ಹಿಂದೆ ಬಿದ್ದವರಿಗಿಂತ ಈ ಪುಣ್ಯಾತ್ಮನ ಬಗ್ಗೆ ನನಗೆ ಗೌರವ ಜಾಸ್ತಿ.

ಕರ್ನಾಟಕದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಕಾಡನ್ನು ಕಪ್ಪು–ಬಿಳುಪಿನಲ್ಲಿ ಹಿಡಿದ ದೊಡ್ಡ ಛಾಯಾಗ್ರಾಹಕರೂ ಹೌದು. ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’.

ಚಂದ್ರನ ಕುಳಿಗಳ ಫೋಟೊವನ್ನು ತಲೆಕೆಳಗು ಮಾಡಿ ನೋಡಿ. ಬಹಳ ಮಂದಿಗೆ ಕುಳಿಗಳು ದಿಬ್ಬಗಳಾಗಿ ಕಾಣುತ್ತವೆ. ಬೆಳಕು ಮೇಲಿಂದಲೇ ಬರುತ್ತದೆ ಎಂದು ನಮ್ಮ ಮಿದುಳು ನಂಬಿ ಕೂತಿದೆ.

ಕೊನೆಯದು ನಿಮ್ಮ ಜೇಬಿನಲ್ಲೇ ಇದೆ. ಮೊಬೈಲಿನಲ್ಲಿ ಮೋಡವಿಲ್ಲದ ಆಕಾಶದ್ದೊಂದು, ಹುಲ್ಲಿನದ್ದೊಂದು ಫೋಟೊ ತೆಗೆದು ‘ಡೀಟೇಲ್ಸ್’ ನೋಡಿ. ಪಿಕ್ಸೆಲ್‌ಗಳು ಅಷ್ಟೇ ಇದ್ದರೂ ಹುಲ್ಲಿನ ಫೈಲ್ ದೊಡ್ಡದು. ನುಣುಪಾದ ಆಕಾಶವನ್ನು ಚಿಕ್ಕದಾಗಿ ಮಡಿಸಿಡಬಹುದು, ಹುಲ್ಲಿನ ಎಳೆಗಳನ್ನು ಆಗದು. ಇದರಿಂದ ಒಂದು ಉಪಯೋಗವೂ ಉಂಟು: ಒಂದೇ ದೃಶ್ಯವನ್ನು ನಾಲ್ಕಾರು ಸಲ ಕ್ಲಿಕ್ಕಿಸಿದ್ದರೆ, ಅವುಗಳಲ್ಲಿ ಫೈಲ್ ತೀರಾ ಚಿಕ್ಕದಾಗಿರುವುದನ್ನು ದೊಡ್ಡದು ಮಾಡಿ ನೋಡಿ. ಕೈ ಅಲುಗಾಡಿದ್ದು ಸಾಮಾನ್ಯವಾಗಿ ಅದರಲ್ಲೇ.