ಯಾವುದರ ಜತೆ ತಿರುಗುತ್ತಿದೆ ಆ ಸದ್ದು?

ಮಳೆಗಾಲ ಮುಗಿದು ರಸ್ತೆ ಒಣಗಿದ ಮೇಲೆ ಅದು ನಮ್ಮ ಕಿವಿಗೆ ಬಿತ್ತು. ಗಂಟೆಗೆ 50 ಕಿಲೋಮೀಟರ್ ದಾಟುತ್ತಿದ್ದಂತೆ ತೋಟದ ಹಳೇ ಜೀಪು ಗುಂಯ್ ಎಂದು ಒಂದೇ ಶ್ರುತಿ ಹಿಡಿಯುತ್ತಿತ್ತು. 60ಕ್ಕೆ ಬಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳದು. ಹಿಂದೆ ಕೂತವರೆಲ್ಲ ಎಡಗಡೆಯ ಹಿಂದಿನ ಚಕ್ರದತ್ತ ಕೈ ತೋರಿಸಿದರು. ಅವರ ಮಾತು ನಂಬಿ ಆ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿಸಿದೆವು. ಸದ್ದು ಇದ್ದ ಹಾಗೇ ಇತ್ತು.

ಅವರ ಕಿವಿಯಲ್ಲಿ ದೋಷವಿರಲಿಲ್ಲ. ಸದ್ದು ಎರಡು ಕಿವಿಗಳಿಗೂ ತಲುಪುವ ಹೊತ್ತಿನಲ್ಲಿ, ಜೋರಿನಲ್ಲಿ ಇರುವ ಸಣ್ಣ ವ್ಯತ್ಯಾಸವನ್ನು ಹಿಡಿದು ಮಿದುಳು ದಿಕ್ಕನ್ನು ಊಹಿಸುತ್ತದೆ. ಬಯಲಿನಲ್ಲಿ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಜೀಪಿನೊಳಗೆ ಕೈಕೊಡುತ್ತದೆ. ಸೆಕೆಂಡಿಗೆ 80 ಸಲ ಕಂಪಿಸುವ ಸದ್ದಿನ ಅಲೆ ಗಾಳಿಯಲ್ಲಿ ಸುಮಾರು ನಾಲ್ಕು ಮೀಟರ್ ಉದ್ದ, ಎಂದರೆ ಗಿಡ್ಡ ಜೀಪಿಗಿಂತಲೂ ಉದ್ದ. ಮೇಲಾಗಿ ಕಂಪನ ಮೊದಲು ಕಬ್ಬಿಣದ ಚಾಸಿಯ ಮೈಯಲ್ಲೆಲ್ಲ ಹರಿದು, ಎಲ್ಲಿ ತಗಡು ಸಡಿಲವೋ ಅಲ್ಲಿ ಸದ್ದಾಗಿ ಹೊರಬೀಳುತ್ತದೆ. ಹುಟ್ಟುವುದು ಒಂದು ಕಡೆ, ಕಿವಿಗೆ ಬೀಳುವುದು ಇನ್ನೊಂದು ಕಡೆ.

ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. "ಎಲ್ಲಿಂದ ಬರ್ತದೆ ಅನ್ನೋದು ಬಿಡಿ ಸಾರ್. ಯಾವುದರ ಜತೆ ತಿರುಗ್ತದೆ, ಅದನ್ನ ಹೇಳಿ" ಎಂದರು. ಜೀಪಿನ ರೋಗ ಪತ್ತೆಮಾಡುವ ವಿಜ್ಞಾನವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ ಎಂದು ನನಗೆ ಅರ್ಥವಾದದ್ದು ಆಮೇಲೆ.

ಚಕ್ರ, ಪ್ರೊಪೆಲ್ಲರ್ ಶಾಫ್ಟ್, ಎಂಜಿನ್ ಮೂರೂ ತಿರುಗುತ್ತವೆ, ಆದರೆ ಬೇರೆ ಬೇರೆ ವೇಗದಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಇರುವ ಅನುಪಾತವನ್ನು ಹಲ್ಲುಗಳ ಎಣಿಕೆ ಕಟ್ಟಿಹಾಕಿರುತ್ತದೆ. ಟೈರಿಗೊಂದು ಸೀಮೆಸುಣ್ಣದ ಗುರುತು ಹಾಕಿ ಜೀಪನ್ನು ಒಂದು ಸುತ್ತು ತಳ್ಳಿದೆವು. ಅಳೆದರೆ 2.2 ಮೀಟರ್. 60ರ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರಕ್ಕೆ ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು. ನಮ್ಮ ಜೀಪಿನ ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 41 ಸುತ್ತು ಹೊಡೆಯುತ್ತದೆ. ಕ್ರೌನ್-ಪಿನಿಯನ್ ಹಲ್ಲುಗಳು ಸೆಕೆಂಡಿಗೆ ಸುಮಾರು 326 ಸಲ ಒಂದನ್ನೊಂದು ತಾಗುತ್ತವೆ. ಹಾರ್ಮೋನಿಯಂ ನುಡಿಸುವವರು ಈ ಸ್ವರವನ್ನು ಕೂಡಲೇ ಗುರುತಿಸುತ್ತಾರೆ: ಮಧ್ಯ ಸಪ್ತಕದ ಬಿಳಿ ಮೂರು, ಕೂದಲೆಳೆಯಷ್ಟು ಕೆಳಗೆ.

ಕಾಡಿನ ದಾರಿಗೆಂದು ಹಾಕಿದ ಟೈರಿಗೂ ಅದರದೇ ಸ್ವರವಿದೆ. ನಮ್ಮ ಟೈರಿನ ಅಂಚಿನ ಒಂದು ಸಾಲಿನಲ್ಲಿ 34 ಗಡ್ಡೆ ಎಣಿಸಿದೆ. ಅದೇ ವೇಗದಲ್ಲಿ ಅವು ರಸ್ತೆಗೆ ಬಡಿಯುವುದು ಸೆಕೆಂಡಿಗೆ 258 ಸಲ. ಎರಡೂ ಸ್ವರ ಇಷ್ಟು ಹತ್ತಿರವಿರುವಾಗ ಹಾಡುಗಾರರಲ್ಲದವರ ಕಿವಿಗೆ ಟೈರೂ ಒಂದೇ, ಡಿಫರೆನ್ಷಿಯಲ್ಲೂ ಒಂದೇ. ಟೈರು ಬದಲಿಸಿ ಹಣ ಕಳೆದುಕೊಂಡವರನ್ನೂ, ಡಿಫರೆನ್ಷಿಯಲ್ ಬಿಚ್ಚಿಸಿ ಕಡೆಗೆ ಟೈರಿನದೇ ತಪ್ಪೆಂದು ಕಂಡವರನ್ನೂ ನಾನು ಬಲ್ಲೆ.

ಬೆಳಗಿನ ಖಾಲಿ ರಸ್ತೆಯಲ್ಲಿ ಹೊರಟೆವು. ಮೊದಲು ಟಾಪ್ ಗೇರಿನಲ್ಲಿ, ಆಮೇಲೆ ಅದೇ ವೇಗದಲ್ಲಿ ಮೂರನೇ ಗೇರಿನಲ್ಲಿ. ಈ ಪರೀಕ್ಷೆಯ ಸೊಗಸನ್ನು ಹೇಳಲೇಬೇಕು. ಇಂಥ ಜೀಪಿನ ಟಾಪ್ ಗೇರಿನಲ್ಲಿ ಎಂಜಿನ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿಯುತ್ತದೆ. ಪ್ರೊಪೆಲ್ಲರ್ ತುದಿಯ ಕ್ರಾಸ್ ಕೂಡ, ಬಾಗಿದ ಕೋನದಲ್ಲಿ ತಿರುಗುವಾಗ, ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಚೂರು ಮುಂದೆ ತಳ್ಳಿ ಚೂರು ಹಿಂದೆ ಎಳೆಯುತ್ತದೆ. ಹತ್ತು ಡಿಗ್ರಿ ಕೋನವಿದ್ದರೆ ಈ ಏರಿಳಿತ ನೂರಕ್ಕೆ ಒಂದೂವರೆಯಷ್ಟು. ಅಂದರೆ ಎಂಜಿನ್ನಿನ ಮೊರೆತವೂ ಕ್ರಾಸಿನ ಮೊರೆತವೂ ಟಾಪ್ ಗೇರಿನಲ್ಲಿ ಒಂದೇ ಸ್ವರ, ಸೆಕೆಂಡಿಗೆ 81. ಬೇರ್ಪಡಿಸಲು ಆಗುವುದೇ ಇಲ್ಲ. ಮೂರನೇ ಗೇರಿಗೆ ಇಳಿಸಿದೊಡನೆ ಎಂಜಿನ್ ಮೇಲಿನ ಸ್ವರಕ್ಕೆ ಹೋಗುತ್ತದೆ, ಶಾಫ್ಟ್ ಇದ್ದಲ್ಲೇ ಇರುತ್ತದೆ. ಸದ್ದು ಎಂಜಿನ್ನಿನ ಹಿಂದೆ ಹೋಯಿತೇ, ಶಾಫ್ಟಿನ ಜತೆ ಉಳಿಯಿತೇ ಎಂದು ಕೇಳಿಸಿಕೊಂಡರೆ ಸಾಕು. ನಮ್ಮದು ಉಳಿಯಿತು. ಎಂಜಿನ್, ಸೈಲೆನ್ಸರ್, ಎಂಜಿನ್ ಮೌಂಟಿಂಗ್ ಮೂರೂ ಪಟ್ಟಿಯಿಂದ ಹೊರಗೆ.

(ಒಂದು ಶಾಫ್ಟಿಗೆ ಎರಡು ಕ್ರಾಸ್ ಇರುವುದಕ್ಕೂ ಕಾರಣವಿದೆ. ಎರಡೂ ಕಡೆ ಕೋನ ಸಮನಾಗಿದ್ದು, ಕವೆಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗುತ್ತದೆ. ಗ್ರೀಸ್ ಹಾಕಲು ಬಿಚ್ಚಿದವರು ಸ್ಪ್ಲೈನ್ ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸೂ ಮೊರೆಯುತ್ತದೆ. ಬಿಚ್ಚುವ ಮೊದಲು ಬಣ್ಣದ ಗೆರೆಯೊಂದನ್ನು ಎಳೆಯಿರಿ.)

ಮುಂದಿನ ಸರದಿ ಮುಂದಿನ ಆಕ್ಸಲ್‌ನದು. ನಮ್ಮ ಜೀಪಿನ ಮುಂದಿನ ಹಬ್‌ಗಳನ್ನು ಕೈಯಲ್ಲೇ ತಿರುಗಿಸಿ ಬಿಡಿಸಬಹುದು. ಹಾಗೆ ಬಿಡಿಸಿದರೆ ಚಕ್ರ ಉರುಳುತ್ತದೆ, ಮುಂದಿನ ಡಿಫರೆನ್ಷಿಯಲ್ ಮತ್ತು ಪ್ರೊಪೆಲ್ಲರ್ ಸುಮ್ಮನೆ ನಿಂತಿರುತ್ತವೆ. ಬಿಡಿಸಿ ಓಡಿಸಿದೆವು, ಸದ್ದು ಹೋಗಲಿಲ್ಲ. ತಿರುವುಗಳಲ್ಲಿಯೂ ಗಮನಿಸಿದೆವು. ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ, ಬಲಗಡೆಯ ಬೇರಿಂಗ್ ಸವೆದಿದ್ದರೆ ಆಗ ಮೊರೆತ ಏರುತ್ತದೆ. ನಮಗೆ ಹಾಗೇನೂ ಕೇಳಲಿಲ್ಲ. ಈ ಪರೀಕ್ಷೆ ಮೊದಲೇ ಗೊತ್ತಿದ್ದರೆ ಹಿಂದಿನ ಬೇರಿಂಗಿಗೆ ಕೊಟ್ಟ ಹಣ ಉಳಿಯುತ್ತಿತ್ತು.

ನಮ್ಮ ಗುಂಯ್ ಕ್ರಾಸಿನ 81ರ ಮೊರೆತಕ್ಕಿಂತ ಬಹಳ ಮೇಲಿನ ಸ್ವರ. ಹಾಗಾಗಿ ಉಳಿದದ್ದು ಟೈರು ಮತ್ತು ಹಿಂದಿನ ಡಿಫರೆನ್ಷಿಯಲ್. ಮೇಸ್ತ್ರಿ ಆಕ್ಸಲರೇಟರ್‌ನಿಂದ ಕಾಲು ತೆಗೆಯಲು ಹೇಳಿದರು. ತೆಗೆದ ಗಳಿಗೆಯಲ್ಲೇ ಗುಂಯ್ ನಿಂತಿತು. ಕಾಲು ಒತ್ತಿದರೆ ಮತ್ತೆ ಶುರು. ಟೈರಿನ ಗಡ್ಡೆಗಳಿಗೆ ನಿಮ್ಮ ಕಾಲಿನ ಪರಿವೆ ಅಷ್ಟಾಗಿ ಇಲ್ಲ. ಕ್ರೌನ್-ಪಿನಿಯನ್‌ಗೆ ಇದೆ: ಎಂಜಿನ್ ಎಳೆಯುವಾಗ ಹಲ್ಲಿನ ಒಂದು ಮಗ್ಗುಲು ತಾಗುತ್ತದೆ, ಕಾಲು ಬಿಟ್ಟಾಗ ಇನ್ನೊಂದು ಮಗ್ಗುಲು. ಎಳೆಯುವ ಮಗ್ಗುಲಲ್ಲಿ ತಾಗುವ ಜಾಗ ಸರಿದಿದ್ದರೆ ಎಳೆಯುವಾಗ ಮಾತ್ರ ಅಳುತ್ತದೆ. ಖಾತ್ರಿಗೆಂದು ಮಗಳು ತನ್ನ ಫೋನಿನಲ್ಲಿ ಸದ್ದಿನ ಆವರ್ತನ ತೋರಿಸುವ ಆ್ಯಪ್ ತೆರೆದಳು. 60ರಲ್ಲಿ ಶಿಖರ 325ರ ಆಸುಪಾಸು, 45ಕ್ಕೆ ಇಳಿಸಿದಾಗ 245. ಟೈರಿನ 258 ಇದ್ದೂ ಇಲ್ಲದಂತೆ ಕೆಳಗೆ ಮಲಗಿತ್ತು.

ಷೆಡ್ಡಿನಲ್ಲಿ ಡಿಫರೆನ್ಷಿಯಲ್‌ನ ತಳದ ಬೋಲ್ಟ್ ಬಿಚ್ಚಿದಾಗ ಹರಿದು ಬಂದದ್ದು ಆಯಿಲ್ ಅನ್ನಿಸಲೇ ಇಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣ. ಬೆರಳಲ್ಲಿ ಉಜ್ಜಿದರೆ ಜಾರುವುದರ ಬದಲು ತರಿತರಿ. ನೀರು ಸೇರಿತ್ತು. ಪಿನಿಯನ್ ಬೇರಿಂಗಿನ ರೋಲರುಗಳ ಮೈ ಸಿಡುಬಿನ ಕಲೆಯಂತೆ ಗುಳಿಬಿದ್ದಿತ್ತು. ಬೇರಿಂಗ್ ಸವೆದು ಪಿನಿಯನ್ ಕೂದಲೆಳೆಯಷ್ಟು ಹಿಂದೆ ಸರಿದಿತ್ತು, ಹಲ್ಲು ತಾಗುವ ಜಾಗವೂ ಅದರ ಜತೆ ಸರಿದಿತ್ತು. ಹೊಸ ಬೇರಿಂಗ್ ಕೂರಿಸಿ, ಹಲ್ಲಿಗೆ ನೀಲಿ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ತೆಳ್ಳನೆಯ ಷಿಮ್ ಬದಲಿಸುತ್ತ ಮೇಸ್ತ್ರಿ ಅರ್ಧ ದಿನ ಕೂತರು. ಅವಸರ ಮಾಡಿದರೆ ಹೊಸ ಸಾಮಾನೂ ಅಳುತ್ತದೆ ಎಂದು ಅವರಿಗೆ ಗೊತ್ತು.

ಒಳಗೆ ನೀರು ಹೋದದ್ದು ಹೇಗೆ? ಆಕ್ಸಲ್ ಮೇಲೆ ಬ್ರೀದರ್ ಎಂಬ ಪುಟ್ಟ ಮೂಗು ಇರುತ್ತದೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಅದು ಈ ಮೂಗಿನಿಂದ ಉಸಿರೆಳೆಯಬೇಕು. ನಮ್ಮದರ ಮೂಗನ್ನು ಕೆಸರು ಗಟ್ಟಿಯಾಗಿ ಮುಚ್ಚಿತ್ತು. ಉಸಿರು ಸಿಗದೆ ಅದು ಆಯಿಲ್ ಸೀಲಿನ ಸಂದಿಯಿಂದ ಹಳ್ಳದ ನೀರನ್ನೇ ಎಳೆದುಕೊಂಡಿತು. ಮಳೆಗಾಲವಿಡೀ ದಿನಕ್ಕೆರಡು ಸಲ ಆ ಹಳ್ಳ ದಾಟಿದ್ದೆವು.

ಈಗ ಬ್ರೀದರಿಗೆ ಒಂದು ಮೊಳ ರಬ್ಬರ್ ಪೈಪು ಸಿಕ್ಕಿಸಿ, ತುದಿಯನ್ನು ಬಾಡಿಯ ಮೇಲ್ಭಾಗಕ್ಕೆ ಕಟ್ಟಿದ್ದೇವೆ. ಹಳ್ಳ ದಾಟಿ ಬಂದ ದಿನ ಮಗಳು ಆ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಮೆಲ್ಲಗೆ ಊದಿ ನೋಡುತ್ತಾಳೆ.