ಒಂದೇ ಈಡಿಗೆ

ಸಿನಿಮಾದಲ್ಲಿ ಗುಂಡು ತಗುಲಿದವನು ನಾಲ್ಕು ಮಾರು ಹಿಂದಕ್ಕೆ ಹಾರಿ ಬೀಳುತ್ತಾನೆ. ಲೆಕ್ಕ ಹಾಕಿ ನೋಡಿದರೆ ಇದು ಶುದ್ಧ ಸುಳ್ಳು. ಸ್ಕಾಟ್ಲೆಂಡಿನಲ್ಲಿ ಕೆಂಪು ಜಿಂಕೆಯ ಬೇಟೆಗೆ ಬಳಸುವ .243 ವಿಂಚೆಸ್ಟರ್ ರೈಫಲ್ಲಿನ ಗುಂಡು ಆರೂವರೆ ಗ್ರಾಂ ತೂಗುತ್ತದೆ. ನಳಿಗೆಯಿಂದ ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಸಂವೇಗವನ್ನೆಲ್ಲ ನೂರು ಕಿಲೋ ತೂಕದ ಜಿಂಕೆಗೆ ಧಾರೆಯೆರೆದರೂ ಪ್ರಾಣಿ ಸೆಕೆಂಡಿಗೆ ಆರು ಸೆಂಟಿಮೀಟರ್ ವೇಗದಲ್ಲಿ ಸರಿದೀತು, ಅಷ್ಟೆ.

ಹಾಗಾದರೆ ಜಿಂಕೆ ಸಾಯುವುದು ಹೇಗೆ? ರಕ್ತ ಸೋರಿ. ಗುಂಡು ಎದೆಗೂಡಿನಲ್ಲಿ ಹೊಕ್ಕು ಶ್ವಾಸಕೋಶವನ್ನೋ ಹೃದಯವನ್ನೋ ಹರಿದರೆ ರಕ್ತದೊತ್ತಡ ಕುಸಿಯುತ್ತದೆ. ಮಿದುಳಿನಲ್ಲಿ ಉಳಿದ ಆಮ್ಲಜನಕ ಮುಗಿಯಲು ಹತ್ತು ಹದಿನೈದು ಸೆಕೆಂಡು ಸಾಕು. ಹೃದಯವೇ ಛಿದ್ರವಾದ ಜಿಂಕೆಯೂ ಆ ಅವಧಿಯಲ್ಲಿ ಐವತ್ತು, ನೂರು ಮೀಟರ್ ಓಡಿಬಿಡಬಹುದು. ಹೊಟ್ಟೆಗೆ ಬಿದ್ದ ಈಡಾದರೆ ಆ ಸೆಕೆಂಡುಗಳು ಗಂಟೆಗಳಾಗುತ್ತವೆ. ಕೋವಿ ಎಷ್ಟೇ ದೊಡ್ಡದಿರಲಿ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಜಿಂಕೆ ಬೇಟೆಯ ಮಾತೇ ಇಲ್ಲ. ಬ್ರಿಟನ್ನಿನ ಕಥೆ ಬೇರೆ. ತೋಳ, ಲಿಂಕ್ಸ್‌ಗಳು ಅಲ್ಲಿ ಎಂದೋ ನಿರ್ನಾಮವಾದವು. ಹೆಚ್ಚಿದ ಜಿಂಕೆಗಳು ಎಳೆಯ ಗಿಡಗಳನ್ನು ಮೇಯ್ದು ಕಾಡು ಚಿಗುರಲು ಬಿಡುವುದಿಲ್ಲ. ಹಾಗಾಗಿ ಕೊಲ್ಲುವುದಕ್ಕೂ ಕಾನೂನು ಬರೆದಿದ್ದಾರೆ. ಸ್ಕಾಟ್ಲೆಂಡಿನ 1985ರ ಆದೇಶದಂತೆ ಕೆಂಪು ಜಿಂಕೆಗೆ ಹಾರಿಸುವ ಗುಂಡಿಗೆ ನಳಿಗೆಯ ಬಾಯಲ್ಲಿ ಸುಮಾರು 2,370 ಜೂಲ್ ಚಲನಶಕ್ತಿ ಇರಬೇಕು. ಪುಟ್ಟ ರೋ ಜಿಂಕೆಗೆ 1,356 ಜೂಲ್ ಸಾಕು. ನಮ್ಮ ಕಾಡುಕುರಿಯ ಚೀನೀ ದಾಯಾದಿಯೊಂದು ಇಂಗ್ಲೆಂಡಿನ ತೋಪುಗಳಲ್ಲಿ ಸಂಸಾರ ಹೂಡಿದೆ. ಅಲ್ಲಿನ ಕಾನೂನು ಅದಕ್ಕೂ ಇಷ್ಟೇ ಜೂಲ್ ನಿಗದಿ ಮಾಡಿದೆ.

ನನಗೆ ಈ ಲೆಕ್ಕದ ಮೇಲೊಂದು ತಕರಾರಿದೆ. ಜಿಂಕೆ ನಳಿಗೆಯ ಬಾಯಲ್ಲಿ ನಿಂತಿರುವುದಿಲ್ಲ. ಗಾಳಿಯನ್ನು ಸೀಳುತ್ತ ಹೋಗುವ ಗುಂಡು ವೇಗ ಕಳೆದುಕೊಳ್ಳುತ್ತದೆ, ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹೊರಡುವಾಗ 2,600 ಜೂಲ್ ಇದ್ದ .243ರ ಗುಂಡು ನೂರು ಮೀಟರ್ ದಾಟುವಷ್ಟರಲ್ಲಿ 2,200ರ ಆಸುಪಾಸಿಗೆ ಬಂದಿರುತ್ತದೆ. ಸ್ವೀಡನ್ನಿನವರು ಜಾಣರು, ನೂರು ಮೀಟರ್ ದೂರದಲ್ಲೇ ಅಳೆಯುತ್ತಾರೆ. ಹತ್ತು ಗ್ರಾಂ ಗುಂಡಾದರೆ ಅಲ್ಲಿ 2,000 ಜೂಲ್ ಉಳಿದಿರಬೇಕು, ಒಂಬತ್ತು ಗ್ರಾಂನದಾದರೆ 2,700. ಆರೂವರೆ ಗ್ರಾಂನ .243 ಹಗುರವಾಯಿತೆಂದು ಕೆಂಪು ಜಿಂಕೆಗೆ ನಿಷಿದ್ಧ. ಸಮುದ್ರದ ಆಚೆ ದಡದಲ್ಲಿ ಅದೇ ಪ್ರಾಣಿಗೆ ಅದೇ ತೋಟಾ ಕಾನೂನುಬದ್ಧ!

ಎರಡೂ ಕಡೆ ಒಪ್ಪುವ ಸಂಗತಿಯೆಂದರೆ ಗುಂಡು ಒಳಗೆ ಹೋಗಿ ಅರಳಬೇಕು. ಗಟ್ಟಿ ಕವಚದ ಗುಂಡು ಸಣ್ಣ ತೂತು ಕೊರೆದು ಆಚೆ ಹಾರಿಹೋಗುತ್ತದೆ, ಶಕ್ತಿಯ ಬಹುಪಾಲು ಹಿಂದಿನ ಗುಡ್ಡದ ಪಾಲು. ಮೆತ್ತನೆ ಮೂತಿಯ ಗುಂಡು ಅಣಬೆಯಂತೆ ಅರಳಿ ಅಗಲವಾಗಿ ಹರಿಯುತ್ತದೆ. ಇಂಥ ಗುಂಡುಗಳು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ತಯಾರಾಗಿ ಕುಖ್ಯಾತವಾದವು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವನ್ನು ನಿಷೇಧಿಸಿತು. ಮನುಷ್ಯನ ಮೇಲೆ ಕ್ರೌರ್ಯವೆನಿಸಿದ್ದು ಜಿಂಕೆಯ ಮಟ್ಟಿಗೆ ಕಡ್ಡಾಯ ಕರುಣೆ. ಸೈನಿಕನನ್ನು ಗಾಯಗೊಳಿಸಿದರೂ ಯುದ್ಧದ ಉದ್ದೇಶ ಈಡೇರುತ್ತದೆ, ಜಿಂಕೆಯನ್ನು ಗಾಯಗೊಳಿಸಿ ಬಿಡುವುದೇ ಇಲ್ಲಿ ಅಪರಾಧ.

ಸೀಸದ ಬದಲು ತಾಮ್ರದ ಗುಂಡು ಬರುತ್ತಿರುವುದರಿಂದ ಲೆಕ್ಕಗಳೂ ಬದಲಾಗುತ್ತಿವೆ. ತಾಮ್ರ ಹಗುರ, ಅರಳಲು ಹೆಚ್ಚು ವೇಗ ಬೇಕು. 2023ರಲ್ಲಿ ಸ್ಕಾಟ್ಲೆಂಡ್ ಗುಂಡಿನ ಕನಿಷ್ಠ ತೂಕವನ್ನು ಸುಮಾರು 6.5ರಿಂದ 5.2 ಗ್ರಾಂಗೆ ಇಳಿಸಿತು.

ಅಳತೆ ಸಾಲದೆಂಬ ಭಯಕ್ಕೆ ಭಾರೀ ರೈಫಲ್ ಕೊಳ್ಳುವವರೂ ಇದ್ದಾರೆ. ಅದು ಭುಜಕ್ಕೆ ಒದೆಯುತ್ತದೆ. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಮೈ ಬಿಗಿಹಿಡಿಯುತ್ತಾನೆ, ಗುಂಡು ಎದೆ ಬಿಟ್ಟು ಹೊಟ್ಟೆಗೆ ಬೀಳುತ್ತದೆ. ಸ್ವೀಡನ್ನಿನ ಕಾನೂನು ಈ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದಿದೆ: ಜಿಂಕೆ ಬೇಟೆಗೆ ಹೊರಡುವವನು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯಬಲ್ಲ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವಂತೆ ಏರ್ಪಾಡು ಮಾಡಿಕೊಂಡಿರಬೇಕು.